ರಿಮ್ಮಿಗೆ ಹಚ್ಚಿದ ಎಣ್ಣೆ

ನನ್ನ ತಂಗಿ ಪಿಯುಸಿಗೆ ಸೇರಿದಾಗ ಅಪ್ಪ ಒಂದೇ ಷರತ್ತು ಹಾಕಿದ್ದರು. ದಿನಾ ಬೆಳಗ್ಗೆ ನಾನು ಅವಳ ಸೈಕಲ್ಲನ್ನು ನೋಡಿ ‘ಸರಿ’ ಎಂದ ಮೇಲೆಯೇ ಅವಳು ಹತ್ತಬೇಕು. ನಮ್ಮ ಹಳ್ಳಿಯಿಂದ ತಿಪಟೂರಿಗೆ ಐದು ಮೈಲಿ. ಬೆಳಗಿನ ಬಸ್ಸು ಊರು ಬಿಡುವ ಹೊತ್ತಿಗೆ ಕಾಲೇಜಿನಲ್ಲಿ ಎರಡು ಪೀರಿಯಡ್ಡು ಮುಗಿದಿರುತ್ತಿದ್ದವು. ಸೈಕಲ್ಲಿಲ್ಲದಿದ್ದರೆ ಅವಳಿಗೆ ಕಾಲೇಜೂ ಇಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಊರಲ್ಲಿ ಸೈಕಲ್ ತುಳಿಯುವ ಹುಡುಗಿ ಅವಳೊಬ್ಬಳೇ. ಅವಳು ಹೊರಟರೆ ಜಗಲಿಗಳ ಮೇಲೆ ಕೂತವರ ಕತ್ತುಗಳೆಲ್ಲ ಒಟ್ಟಿಗೆ ತಿರುಗುತ್ತಿದ್ದವು. ಅವಳು ಬೀಳುವುದನ್ನೇ ಅವರು ಕಾಯುತ್ತಿದ್ದರು ಎಂದರೆ ಈಗಲೂ ನನಗೆ ತಪ್ಪೆನಿಸುವುದಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ತೋಟ ನೋಡಿಕೊಂಡಿದ್ದ ನನಗೆ ಆ ಕೆಲಸವೇ ಒಂದು ದೊಡ್ಡ ಪದವಿಯಾಗಿತ್ತು. ತಿಪಟೂರಿನ ಸೈಕಲ್ ಶಾಪಿನ ಸಾಬರ ಹತ್ತಿರ ನಿಂತು ನೋಡಿ ಕಲಿತಿದ್ದೆ. ಹೆಬ್ಬೆರಳಿನಿಂದ ಟೈರು ಅದುಮುತ್ತಿದ್ದೆ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ, ಸಡಿಲವಿದೆಯೇ ನೋಡುತ್ತಿದ್ದೆ. ಚಕ್ರ ತಿರುಗಿಸಿ ಬೆಂಡ್ ಇದೆಯೇ, ಚೈನು ಜೋಲುತ್ತಿದೆಯೇ ಎಂದು ಬಗ್ಗಿ ನೋಡಿ, ಕೊನೆಗೆ ಎರಡೂ ಬ್ರೇಕ್ ಒತ್ತಿ, ಡಾಕ್ಟರರ ಗತ್ತಿನಲ್ಲಿ “ಹೂಂ, ಹೋಗು” ಎನ್ನುತ್ತಿದ್ದೆ. ತಂಗಿ ನಗು ತಡೆದುಕೊಂಡು ಹತ್ತುತ್ತಿದ್ದಳು.

ಆ ವರ್ಷದ ಆಯುಧಪೂಜೆಗೆ ಸೈಕಲ್ಲನ್ನು ಸೀಗೆಪುಡಿ ಹಾಕಿ ತೊಳೆದೆ. ರಿಮ್ಮಿನ ಮೇಲೆ ಅಲ್ಲಲ್ಲಿ ತುಕ್ಕು ಕಂಡಿತು. ನಮ್ಮ ಸೀಮೆಯಲ್ಲಿ ತಲೆಗೂ ಕೊಬ್ಬರಿ ಎಣ್ಣೆ, ಸುಟ್ಟ ಗಾಯಕ್ಕೂ ಕೊಬ್ಬರಿ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಅದೇ. ಹಬ್ಬದ ದಿನ ಮಚ್ಚು, ಹಾರೆ, ನೇಗಿಲ ಗುಳ ಎಲ್ಲಕ್ಕೂ ಎಣ್ಣೆಯ ಸ್ನಾನ. ನಾನು ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಎರಡು ರಿಮ್ಮುಗಳ ಒಳಗೂ ಹೊರಗೂ ತಿಕ್ಕಿದೆ. ಸೈಕಲ್ಲು ಫಳಫಳ ಹೊಳೆಯಿತು. ಕುಂಕುಮವಿಟ್ಟು, ಹೂ ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ.

“ಮದ್ವೆ ಹೆಣ್ಣಿಗೂ ಇಷ್ಟು ಮಾಡಲ್ಲ ಕಣಣ್ಣ,” ಅಂದಳು ತಂಗಿ.

ರಜೆ ಮುಗಿದ ಬೆಳಗ್ಗೆ ಎಂದಿನಂತೆ ಎಲ್ಲ ನೋಡಿದೆ. ನಿಂತ ಸೈಕಲ್ಲಿನಲ್ಲಿ ಬ್ರೇಕ್ ಒತ್ತಿದರೆ ರಬ್ಬರ್ ಹೋಗಿ ರಿಮ್ಮಿಗೆ ಸರಿಯಾಗಿಯೇ ಕೂತಿತು. “ಹೂಂ, ಹೋಗು” ಎಂದೆ. ಕೆರೆ ಏರಿಯ ಇಳಿಜಾರಿನ ತಿರುವಿನಲ್ಲಿ ಕಾಯಿ ತುಂಬಿದ ಎತ್ತಿನ ಗಾಡಿಯೊಂದು ಎದುರಾಯಿತಂತೆ. ಅವಳು ಬ್ರೇಕ್ ಹಿಡಿದರೂ ಸೈಕಲ್ಲು ನಿಲ್ಲಲಿಲ್ಲ. ಗಾಡಿ ತಪ್ಪಿಸಲು ಹೋಗಿ ಏರಿಯ ಕಲ್ಲುಗಳ ಮೇಲೆ ಬಿದ್ದು ಬಲ ಮೊಣಕೈ ಮುರಿದುಕೊಂಡಳು. ಗಾಡಿಯವನೇ ಅವಳನ್ನು ಮನೆಗೆ ತಂದುಬಿಟ್ಟ.

“ಬೆಳಿಗ್ಗೆ ನೋಡಿದ್ಯೇನ್ಲಾ?” ಅಪ್ಪ ಕೇಳಿದರು.

“ನೋಡಿದ್ದೆ ಕಣಪ್ಪ. ಎಲ್ಲಾ ಸರಿಯಾಗಿತ್ತು.”

“ಸೈಕಲ್ಲು ಸರಿಯಾಗಿದ್ಮೇಲೆ ಇವ್ಳೇ ಗಾಬ್ರಿಯಾಗಿ ಬ್ರೇಕ್ ಹಿಡ್ದಿಲ್ಲ. ಇದು ಹೆಣ್ಮಕ್ಳ ಕೆಲ್ಸ ಅಲ್ಲ ಬುಡು.”

“ಹಿಡಿದೆ ಕಣಪ್ಪ, ಗಟ್ಟಿಯಾಗೇ ಹಿಡಿದೆ,” ಎಂದು ತಂಗಿ ನೋವಿನಲ್ಲೂ ಹೇಳುತ್ತಿದ್ದಳು. ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮೂರನೆಯ ದಿನ ಸೊಟ್ಟಗಾದ ಹ್ಯಾಂಡಲ್ ಸರಿಮಾಡಿಸಲು ಸೈಕಲ್ಲನ್ನು ಶಾಪಿಗೆ ತಳ್ಳಿಕೊಂಡು ಹೋದೆ. ಸಾಬರು ಚಕ್ರ ತಿರುಗಿಸಿ ಬ್ರೇಕ್ ಒತ್ತಿದರು. ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ರಿಮ್ಮಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು.

“ಯಾವ ಪುಣ್ಯಾತ್ಮ ಕಣಪ್ಪ ರಿಮ್ಮಿಗೆ ಕೊಬ್ರಿ ಎಣ್ಣೆ ಹಚ್ಚಿರೋದು? ರಬ್ಬರ್ ಹೆಂಗೆ ಹಿಡೀಬೇಕು? ಹಬ್ಬ ಕಳೀತು ಅಂದ್ರೆ ಇಂಥವು ನಾಲ್ಕು ಬತ್ತವೆ ನನ್ ಹತ್ರ. ಎಣ್ಣೆ ಚೈನಿಗೆ ಹಾಕು, ಆಕ್ಸಲ್ಲಿಗೆ ಹಾಕು. ರಿಮ್ಮಿಗೆ ಮಾತ್ರ ಮುಟ್ಟಿಸ್ಬ್ಯಾಡ.”

ಅವರು ಸೀಮೆಎಣ್ಣೆಯಲ್ಲಿ ಒರೆಸಿ, ಸೋಪಿನ ನೀರಿನಲ್ಲಿ ರಿಮ್ಮು ತೊಳೆದು, ರಬ್ಬರ್ ಬದಲಾಯಿಸಿ ಕೊಟ್ಟರು. ಐದು ಮೈಲಿಯೂ ಅಪ್ಪನಿಗೆ ಹೇಳಬೇಕಾದ ಮಾತನ್ನೇ ಜೋಡಿಸುತ್ತಾ ಬಂದೆ. ಮನೆ ಮುಂದೆ ನಾಲ್ಕು ಜನ ಕೂತಿದ್ದರು. ಅಪ್ಪ ಅವರಿಗೆ ಹೇಳುತ್ತಿದ್ದರು, “ನನ್ ಮಗ ಒಂದಿನಾನೂ ತಪ್ಪಿಸ್ದೆ ನೋಡಿ ಕಳಿಸ್ತಿದ್ದ ಕಣ್ರೀ. ಅವನೇನು ಮಾಡ್ತಾನೆ ಪಾಪ.” ಅಪ್ಪ ನನ್ನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಜೋಡಿಸಿಕೊಂಡು ಬಂದ ಮಾತು ಹೇಳದೆಯೇ ಒಳಗೆ ಹೋದೆ. ನಾನು ಹೇಡಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ತಂಗಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಲ್ಲಿಂದಲೇ, “ಅಣ್ಣ, ಕಾಲೇಜಿಗೆ ಕಳ್ಸು ಅಂತ ಇನ್ನೊಂದ್ಸಲ ಅಪ್ಪನ್ನ ಕೇಳು,” ಎನ್ನುತ್ತಿದ್ದಳು. ಕೇಳಿದೆ, ಬಾಯಿಮಾತಿಗೆ. ದೀಪಾವಳಿಗೆ ಮೊದಲೇ ಸೈಕಲ್ಲು ಬೇರೆಯವರ ಪಾಲಾಯಿತು. ಪುಸ್ತಕಗಳು ಅಟ್ಟ ಸೇರಿದವು. ಮೊಣಕೈ ಕೂಡಿಕೊಂಡರೂ ಪೂರ್ತಿ ಚಾಚಲು ಬರಲಿಲ್ಲ. ಮುಂದಿನ ವರ್ಷ ದಂಡಿನಶಿವರಕ್ಕೆ ಮದುವೆ ಮಾಡಿಕೊಟ್ಟರು. ಗಂಡಿನ ಕಡೆಯವರಿಗೂ ಅಪ್ಪ ಅದನ್ನೇ ಹೇಳಿದರು: ಸೈಕಲ್ ತುಳಿಯಲು ಹೋಗಿ ಗಾಬರಿ ಬಿದ್ದು ಕೈ ಮುರಿದುಕೊಂಡಳು ಎಂದು. ಹರಿವಾಣದಲ್ಲಿ ಎಲೆ ಅಡಿಕೆ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ಹೌದೆಂದು ತಲೆ ಅಲ್ಲಾಡಿಸಿದೆ.

ಅಪ್ಪ ತೀರಿಕೊಂಡದ್ದು ಎಂಬತ್ತರ ದಶಕದ ಕೊನೆಗೆ. ಇನ್ನು ಯಾರ ಹೆದರಿಕೆಯೂ ಇಲ್ಲವೆನಿಸಿದ ಮೇಲೆ ತಂಗಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಬೈದಿದ್ದರೆ ನನ್ನ ಪಾಲಿಗೆ ಒಳ್ಳೆಯದಿತ್ತು. ಅವಳು ಬಲಗೈ ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿಕೊಂಡಳು.

“ಹಂಗಾರೆ ನಾನು ಬ್ರೇಕ್ ಹಿಡಿದಿದ್ದೆ,” ಅಂದಳು. “ಎಲ್ರೂ ಹೇಳಿ ಹೇಳಿ, ಹಿಡೀಲಿಲ್ಲ ಅಂತ್ಲೇ ನಾನೂ ನಂಬಿದ್ದೆ ಕಣಣ್ಣ. ಹೋದ ವರ್ಷ ನನ್ ಮಗ್ಳು ಸೈಕಲ್ ಕೇಳಿದ್ಲು. ನಾವು ಹೆಣ್ಮಕ್ಳು ಗಾಬ್ರಿ ಬೀಳ್ತೀವಿ, ಬ್ಯಾಡ ಅಂದ್ಬುಟ್ಟೆ.”