ಕಾಲಿಗೆ ಸುರಿದುಕೊಂಡ ತಂಬಿಗೆ ನೀರು

ಗುರುತಿಲ್ಲದವರ ಮನೆಯ ಬಾಗಿಲಲ್ಲಿ ಇಟ್ಟಿದ್ದ ತಂಬಿಗೆಯ ನೀರನ್ನೆಲ್ಲ ಕಾಲಿಗೆ ಸುರಿದುಕೊಂಡುಬಿಟ್ಟೆ. ಒಂದು ಹನಿಯೂ ಉಳಿಸಲಿಲ್ಲ.

ಹಿಂದೆ ನಿಂತಿದ್ದ ಅಪ್ಪ, ಅವ್ವನ ಕಾಲಿನ ಧೂಳು ಹಾಗೇ ಇತ್ತು. ಒಳಗಿನಿಂದ ಆ ಮನೆಯ ಸೊಸೆ ಕಿಸಕ್ಕನೆ ನಕ್ಕಳು. ನಮ್ಮನ್ನು ಕರೆದಿದ್ದ ಆ ಮನೆಯ ಅಜ್ಜಿ ನಗಲಿಲ್ಲ.

"ಬೆರಳ್ ಅದ್ದಿ ಕಾಲಿಗಿ ಹಚ್ಕೋಬೇಕವ್ವಾ. ಈಗ ನಮ್ಮಲ್ಲಿ ಕಾಲ್ ತೊಳಿಯಾದಂದ್ರ ಅಷ್ಟೇ. ಟ್ಯಾಂಕರ್ ಬರೋಮಟಾ ಬಂದೋರಿಗೆಲ್ಲಾ ಅದೊಂದೇ ತಂಬಿಗಿ ಇತ್ತು."

ನಮಗೆ ಹೇಗೆ ಗೊತ್ತಾಗಬೇಕು? ನಾವು ಕನ್ನಡದವರೇ, ಆದರೆ ಬಂದಿದ್ದು ಅಸ್ಸಾಮಿನಿಂದ. ಅಪ್ಪ ರೋಡ್ ರೋಲರ್ ಡ್ರೈವರ್, ಹೈವೇ ಕೆಲಸ ಎಲ್ಲಿದೆಯೋ ಅಲ್ಲೇ ನಮ್ಮ ಮನೆ. ಅಲ್ಲಿ ಮಳೆಗಾಲದಲ್ಲಿ ನೀರು ಅಂಗಳಕ್ಕೇ ಬರುತ್ತಿತ್ತು. ಇಲ್ಲಿ, ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ಉಮರ್ಗಾ ಹತ್ತಿರದ ತುರೋರಿಯಲ್ಲಿ, ಸರಿಯಾಗಿ ಮಳೆಯಾಗಿ ವರ್ಷಗಳೇ ಆಗಿದ್ದವು.

ಬಂದಾಗಿನಿಂದ ಪ್ರತಿ ಭಾನುವಾರ ನಾನೇ ಅವರಿಬ್ಬರನ್ನು ಎಳೆದುಕೊಂಡು ಊರು ನೋಡಲು ಹೊರಡುತ್ತಿದ್ದೆ. ಅದಕ್ಕೆ ಕಾರಣ ಇದೆ...

ಅವ್ವನಿಗೆ ಈ ಬೋಳು ಸೀಮೆ ಹಿಡಿಸಿರಲಿಲ್ಲ. ನನ್ನನ್ನು ಹಾವೇರಿಯ ತವರಿಗೆ ಕರೆದುಕೊಂಡು ಹೋಗಿ, ಮತ್ತೆ ಶಾಲೆಗೆ ಸೇರಿಸಿ, ತಾನೂ ಅಲ್ಲೇ ಇದ್ದುಬಿಡುವುದು ಅವಳ ಪ್ಲ್ಯಾನ್.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಫೇಲಾಗಿ ಬಿಟ್ಟಿದ್ದಲ್ಲ, ಕೂತು ಕೂತು ಸಾಕಾಗಿ ಬಿಟ್ಟಿದ್ದು. ಮಾವನ ಮನೆಯಲ್ಲಿ ತಲೆ ತಗ್ಗಿಸಿ ಇರುವುದು ನನ್ನಿಂದಾಗದು, ಅಪ್ಪನೊಬ್ಬನನ್ನೇ ಇಲ್ಲಿ ಬಿಡುವುದೂ ಆಗದು. ಹಾಗಾಗಿ ಈ ಸೀಮೆ ಅವ್ವನಿಗೆ ಹಿಡಿಸಲೇಬೇಕಿತ್ತು.

ಆ ಭಾನುವಾರ ಉದಗೀರದ ಕೋಟೆಗೆ ಹೋಗಿದ್ದೆವು. "ಇದ ಕಡೀದು. ನಾಳೆ ಹಾವೇರಿ ಟಿಕೀಟ್ ತಗಸ್ರಿ" ಎನ್ನುತ್ತಲೇ ಅವ್ವ ಬಸ್ ಹತ್ತಿದ್ದಳು.

ಕೋಟೆ ನನಗೆ ಬಹಳ ಇಷ್ಟವಾಯಿತು. ಅವ್ವ ಕಂದಕಕ್ಕೆ ಬಗ್ಗಿ ನೋಡಿ, "ಇದರಾಗೂ ನೀರಿಲ್ಲ" ಎಂದಳು. ಅಷ್ಟೇ ಅವಳ ಕೋಟೆ.

ವಾಪಸ್ ಬರುವಾಗ ನಿಲಂಗಾ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಬಸ್ ಪಂಕ್ಚರ್. ಎಲ್ಲರೂ ಇಳಿದು ಬೇವಿನ ಮರದ ಕೆಳಗೆ ನಿಂತೆವು. ಅವ್ವನ ಗೊಣಗಾಟ ಕೇಳಿಸಿಕೊಂಡು, ಮನೆಯ ಕಟ್ಟೆಯ ಮೇಲೆ ಹಣೆತುಂಬ ವಿಭೂತಿ ಹಚ್ಚಿ ಕೂತಿದ್ದ ಈ ಅಜ್ಜಿ ಕರೆದಳು. "ಕನ್ನಡದೋರೇನ್ರಿ? ಇಂಥಾ ಬಿಸಿಲಾಗ ಹೊರಗ ಯಾಕ ನಿಂತೀರಿ, ಬರ್ರಿ ಒಳಗ."

ಹಾಗೆ ಹೋದವಳು ಬಾಗಿಲಲ್ಲೇ ಈ ಕೆಲಸ ಮಾಡಿದ್ದೆ.

ಅವ್ವ ಎಲ್ಲರೆದುರಿಗೇ ಶುರು ಮಾಡಿದಳು. "ಸಾಲಿಗೆ ಹೋಗಿದ್ರ ಇಷ್ಟರ ತಿಳೀತಿತ್ತು!"

ತಂಬಿಗೆ ಬಳಸುವುದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ? ಸಿಟ್ಟು ನೆತ್ತಿಗೇರಿತು. ಪಡಸಾಲೆಯ ಮೂಲೆಯಲ್ಲಿದ್ದ ಖಾಲಿ ಕೊಡ, ಹಗ್ಗ ಎತ್ತಿಕೊಂಡು ಹೊರಟೇಬಿಟ್ಟೆ. ಅಷ್ಟರಲ್ಲಿ ಟ್ಯಾಂಕರ್ ಬಂದು ಊರ ಬಾವಿಗೆ ನೀರು ಬಿಡುತ್ತಿತ್ತು.

ಬಾವಿಯ ಸುತ್ತ ಹೆಂಗಸರು ಹಗ್ಗ ಬಿಟ್ಟು ಜಗ್ಗುತ್ತಿದ್ದರು. ನನ್ನ ಕೊಡ ಕಲ್ಲಿಗೆ ಬಡಿದು ಅರ್ಧ ಅಲ್ಲೇ ಚೆಲ್ಲಿತು.

"ಏ ಪೋರಿ, ನೀರ್ ಸೇದ್ಲತ್ತಿಯೋ, ಗಂಟಿ ಬಾರಿಸ್ಲತ್ತಿಯೋ?"

ನನ್ನ ಬೆನ್ನ ಹಿಂದೆಯೇ ಬಂದ ಸೊಸೆ ತಂಬಿಗೆಯ ಕಥೆಯನ್ನು ಹರಡಿಯೂ ಆಗಿತ್ತು. ಇನ್ನೊಬ್ಬಳು ಹೇಳಿದಳು, "ನಮ್ಮ ನೀರ್ ಚೆಲ್ಲಿ, ನಮ್ಮ ಬಾವ್ಯಾಗಿಂದೇ ತುಂಬಿ ಕೊಡ್ತಿ? ಭಾಳ ಶಾಣಿ ಇದ್ದಿ ಬಿಡು."

ಆಕೆ ಹೇಳಿದ್ದು ನಿಜ. ಅದಕ್ಕೇ ಜಗಳಕ್ಕೆ ಹೋಗಲಿಲ್ಲ. "ನೀರು ನಿಮ್ದ ರೀ, ಜಗ್ಗೂ ಕೈ ನಂದು" ಎಂದು ಮತ್ತೆ ಹಗ್ಗ ಬಿಟ್ಟೆ.

ಅಂಗೈ ಸುಲಿಯಿತು. ತುಂಬಿದ ಕೊಡ ತಂದು ಹೊಸ್ತಿಲ ಮುಂದೆ ಇಳಿಸಿದೆ.

ಅಜ್ಜಿ ಮುಟ್ಟಲಿಲ್ಲ. "ಮನಿಗಿ ಬಂದೋರಿಗಿ ಕೊಟ್ಟ ನೀರ ತಿರುಗಿ ತಗೋತಾರೇನ? ಊರಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ ನಾವು? ಒಯ್ದು ಬಾವ್ಯಾಗ ಸುರುವು."

"ಸುರಿಯಂಗಿಲ್ಲ."

"ತಗೋಳಂಗಿಲ್ಲ."

ಕೊಡದ ಆಚೆ ಅವಳು, ಈಚೆ ನಾನು. ಅಪ್ಪ ಬಸ್ಸಿನ ಕಡೆ ನೋಡುತ್ತಾನೆ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ. ಅವ್ವ ಇನ್ನೊಂದು ಸಲ ಶಾಲೆಯ ಮಾತೆತ್ತಿದರೆ ಏನು ಹೇಳಬೇಕೆಂದು ನಾನು ಯೋಚಿಸುತ್ತಿದ್ದೇನೆ...

ಅವ್ವ ಸೀದಾ ಬಂದು ಕೊಡ ಎತ್ತಿ ಸೊಂಟಕ್ಕೆ ಇಟ್ಟಳು.

"ಚಾ ಪುಡಿ ಎಲ್ಲೈತ್ರಿ? ಬಸ್ಸಿನ ಮಂದೀನೂ ಕರೀರಿ. ಕುಡದ ಮ್ಯಾಲ ಯಾರ ನೀರಂತ ಯಾರ್ ಕೇಳ್ತಾರ?"

ಅಜ್ಜಿ ಅವ್ವನನ್ನೇ ದಿಟ್ಟಿಸಿದಳು. ಆಮೇಲೆ "ಮಗಳಿಗಿಂತಾ ತಾಯೇ ಜಬರ್ದಸ್ತ್ ಇದ್ದಾಳ" ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹೊರಗಿನವರನ್ನು ಒಲೆಯ ಹತ್ತಿರ ಬಿಡುವ ಮನೆಯಲ್ಲವಂತೆ ಅದು. ಸೊಸೆ ನನ್ನ ಕಿವಿಯಲ್ಲಿ ಹೇಳಿದಳು.

ದನಗಳೆಲ್ಲ ಬರಕ್ಕೆಂದು ತೆರೆದಿದ್ದ ಮೇವಿನ ಕ್ಯಾಂಪಿನಲ್ಲಿದ್ದವು, ಹಾಲಿರಲಿಲ್ಲ. ಬೆಲ್ಲದ ಕರಿ ಚಹಾ. ಡ್ರೈವರ್, ಕಂಡಕ್ಟರ್, ಪ್ಯಾಸೆಂಜರ್‌ಗಳು ಎಲ್ಲ ಕಟ್ಟೆಯ ಮೇಲೆ ಕೂತು ಸೊರ್ರನೆ ಕುಡಿದರು. ಅಜ್ಜಿಯೂ ಕುಡಿದಳು, ನನ್ನ ಮುಖ ನೋಡದೆ.

ಒಳಗೆ ಅವ್ವ ಸೊಸೆಯ ಜೊತೆ ಕನ್ನಡದಲ್ಲಿ ಮಾತಾಡಿದ್ದೇ ಮಾತಾಡಿದ್ದು, ನಕ್ಕಿದ್ದೇ ನಕ್ಕಿದ್ದು. ಅಸ್ಸಾಮಿನಲ್ಲಿ ಅವಳಿಗೆ ಅಕ್ಕಪಕ್ಕದಲ್ಲಿ ಕನ್ನಡದವರು ಒಬ್ಬರೂ ಇರಲಿಲ್ಲ. ಅವಳು ಹಾಗೆ ನಗುವುದನ್ನು ನಾನು ಮರೆತೇಬಿಟ್ಟಿದ್ದೆ.

ಬಸ್ ಹೊರಟ ಮೇಲೆ, ಅವ್ವ ಕಿಟಕಿಯಿಂದ ಮುಖ ತಿರುಗಿಸದೆ ಅಪ್ಪನಿಗೆ ಹೇಳಿದಳು. "ಹಾವೇರಿಗೆ ಫೋನ್ ಮಾಡ್ರಿ. ಬರಂಗಿಲ್ಲ ಅನ್ರಿ."

ಆಮೇಲೆ ನನಗೆ. "ನಿನ್ನ ಸಾಲಿ ಮಾತು ಮುಗದಿಲ್ಲ."

ಮುಗಿಯುವುದೂ ಬೇಡ. ಆ ಜಗಳವನ್ನು ಇಲ್ಲೇ ಇದ್ದು ಆಡೋಣ.

ನಾವೆಲ್ಲಿಗೂ ಹೋಗುತ್ತಿಲ್ಲ... ಈ ಕಡೆ ನಾವಿನ್ನೂ ನೋಡದ ಊರು ಯಾವುದಿದೆ, ಹೇಳ್ತೀರಾ?