ಬಾಯಿ ಮುಚ್ಚಿದ ಇಂಜಿನು

ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದೆ. ನೂಲು ಕೈಯಿಂದ ಜಾರಿತು. ಹೆಕ್ಕಿದೆ. ಪುನಃ ಜಾರಿತು. ಜೋಮು ಹಿಡಿದಿರಬೇಕೆಂದು ಕೈ ಕೊಡವಿದೆ, ಬೈದೆ. ಬೈದದ್ದು ಬಾಯಿಯಿಂದ ಸರಿಯಾಗಿ ಹೊರಡಲಿಲ್ಲ.

"ಎಂತ ಹೇಳಿದ್ದು ಮಾಮಿ?" ಒಳಗಿನಿಂದ ಸೊಸೆ ವಸಂತಿ ಕೇಳಿದಳು. ನಮ್ಮಲ್ಲಿ ಅತ್ತೆಯನ್ನು ಮಾಮಿ ಎಂದೇ ಕರೆಯುವುದು. ಉತ್ತರ ಕೊಡಲು ಹೋದೆ. ಮಡಿಲಲ್ಲಿದ್ದ ಬೀಡಿಯ ಮೊರ ಮಗುಚಿ ಬಿತ್ತು.

ಸ್ಟ್ರೋಕ್.

ಜೆಪ್ಪುವಿನ ಮನೆಯಿಂದ ಆಸ್ಪತ್ರೆಗೆ ರಿಕ್ಷಾದಲ್ಲಿ ಹೋದದ್ದು ನೆನಪಿದೆ. ಬಿಪಿ ಏರಿತ್ತಂತೆ. ಡ್ರಿಪ್ ಹಾಕಿದರು. ಕೆಲವು ದಿನಗಳಲ್ಲಿ ಕಾಲು ಮಾತು ಕೇಳಿತು. ನಾಲಿಗೆಯೂ ಬಂತು; ಅದು ಬಂದದ್ದು ಮನೆಯವರಿಗೆ ಅಷ್ಟೇನೂ ಖುಷಿ ಕೊಟ್ಟ ಹಾಗೆ ಕಾಣಲಿಲ್ಲ. ಬಲಗೈ ಬರಲಿಲ್ಲ. ಡಾಕ್ಟರು ಅದನ್ನು ನನಗೆ ಹೇಳಲಿಲ್ಲ, ನನ್ನ ತಲೆಯ ಮೇಲಿನಿಂದ ಮಗನಿಗೆ ಹೇಳಿದರು.

"ಬಲಗೈಯ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ."

ನನ್ನ ಕೈ. ಅದರ ಆಸೆ ಬಿಡಲಿಕ್ಕೆ ಮಗ ಯಾರು?

ಮನೆಯಲ್ಲಿ ವಸಂತಿ ಚಮಚದಲ್ಲಿ ಗಂಜಿ ತಿನ್ನಿಸಿದಳು. ಅವಳು ಟೀಚರು, ಶಾಲೆಗೆ ಹೊತ್ತಾಗುವ ಗಡಿಬಿಡಿ. ಒಂದು ತುತ್ತು ನುಂಗುವ ಮೊದಲೇ ಇನ್ನೊಂದು ಚಮಚ ಬಾಯಿಯ ಮುಂದೆ ಬರುತ್ತಿತ್ತು. ಇದನ್ನೆಲ್ಲ ನಾನು ಹೇಳಿದ ಹಾಗೆ ಬರೆಯುತ್ತಿರುವವಳು ಅವಳೇ. ಆ ಮಾತು ಬೇಡ ಮಾಮಿ ಎಂದಳು. ಬರೆ ಎಂದೆ. ನನಗೆ ಬೇಕಾದದ್ದು ಒಂದೇ: ನನ್ನ ಬಲಗೈಯಲ್ಲಿ ನಾನು ಅನ್ನ ಕಲಸಿ ಉಣ್ಣಬೇಕು. ಹಾಗೆ ಉಣ್ಣದವಳು ಮನೆಯಲ್ಲಿ ಇದ್ದರೂ ನೆಂಟರ ಹಾಗೆ.

ಫಿಸಿಯೋಥೆರಪಿಯ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, "ಹಿಚುಕಿ ಅಜ್ಜಿ, ಹಿಚುಕಿ" ಎಂದಿದ್ದಳು. ಚೆಂಡು ನನ್ನನ್ನು ನೋಡಿತು, ನಾನು ಚೆಂಡನ್ನು ನೋಡಿದೆ. ಅಷ್ಟೇ. ಮಗ ಬೀಡಿಯ ಮೊರವನ್ನು ಅಟ್ಟಕ್ಕೆ ಹಾಕಲು ಹೊರಟ. "ಮುಟ್ಟಿದರೆ ನೋಡು!" ಎಂದೆ. ಕೆಳಗಿಟ್ಟ.

ಆ ಸಮಯದಲ್ಲೇ ಶಾಲೆಯ ವಿಜ್ಞಾನ ಪ್ರದರ್ಶನ ಬಂತು. ಚಂದ್ರನಲ್ಲಿಗೆ ಮನುಷ್ಯರನ್ನು ಕೊಂಡುಹೋದಂಥ ರಾಕೆಟನ್ನು ಕಾಗದದಲ್ಲಿ ಮಾಡುವ ಕೆಲಸ ವಸಂತಿಯ ತಲೆಗೆ ಬಿತ್ತು. ಮೈ ಸುಲಭ, ಡ್ರಾಯಿಂಗ್ ಶೀಟ್ ಸುತ್ತಿದರೆ ಆಯಿತು. ಅಡಿಯ ಐದು ಇಂಜಿನುಗಳೇ ತೊಂದರೆ. ಮೇಲೆ ಸಪೂರ ಕುತ್ತಿಗೆ, ಕೆಳಗೆ ಗಂಟೆಯ ಹಾಗೆ ಅಗಲ ಬಾಯಿ, ಸುತ್ತ ಕೊಳವೆಗಳು. ಅವಳು ಸುತ್ತಿದ್ದೆಲ್ಲ ಬಿಚ್ಚಿಕೊಳ್ಳುತ್ತಿತ್ತು.

"ಅದೆಂತ, ಕಡಲೆ ಪೊಟ್ಟಣವಾ?"

"ಇಂಜಿನು ಮಾಮಿ. ಈ ಬಾಯಿಯಿಂದ ಬೆಂಕಿ ಬರುವುದು."

"ಇದರಿಂದ ಬೆಂಕಿಯಲ್ಲ, ಕಡಲೆ ಬರ್ತದೆ. ಕಾಗದ ಒದ್ದೆ ಬಟ್ಟೆಯಲ್ಲಿ ಇಡು ಮಾರಾಯ್ತಿ. ಬೀಡಿಯ ಎಲೆಯನ್ನು ಯಾರಾದರೂ ಒಣಗಿದ್ದಾಗ ಸುತ್ತುತ್ತಾರಾ?"

"ಹಾಗಾದರೆ ನೀವೇ ಮಾಡಿ," ಎಂದು ಸಿಟ್ಟಿನಿಂದ ಮೊರದಲ್ಲಿ ಕಾಗದ, ಕತ್ತರಿ, ಅಂಟು ತಂದಿಟ್ಟಳು.

ಮಾಡಿದೆ. ಎಡಗೈಯಲ್ಲಿ ಸುತ್ತುವುದು, ಬಲಗೈಯನ್ನು ಕಾಗದ ಹಾರದ ಹಾಗೆ ಕಲ್ಲಿನಂತೆ ಮೇಲಿಡುವುದು. ಮೊದಲಿನವು ಸೊಟ್ಟಗಾದವು. ಹರಿದು ಬಿಸಾಡಿದೆ. ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಕುತ್ತಿಗೆಗೆ ಸುತ್ತಿದೆ, ಉಳಿದದ್ದನ್ನು ಕೊಳವೆಗಳ ಹಾಗೆ ಬಾಯಿಯವರೆಗೆ ಅಂಟಿಸಿದೆ. ಎಡಗೈ ಸೋತಿತ್ತು, ಜೊಲ್ಲು ಸುರಿಯುತ್ತಿತ್ತು, ಆದರೂ ಬಹಳ ದಿನಗಳ ನಂತರ ಯಾರೂ ನನಗೆ ತಿನ್ನಿಸದ, ಒರೆಸದ, ಮಲಗಿಸದ ಒಂದು ಮಧ್ಯಾಹ್ನ ಅದು.

ಮರುದಿನ ಮೊರ ಮಡಿಲಲ್ಲಿಟ್ಟು ಇಂಜಿನುಗಳನ್ನು ಮುಗಿಸುತ್ತಿದ್ದಾಗ ಪಕ್ಕದ ಮನೆಯ ಗಿರಿಜಕ್ಕ ಬಂದು ಎದುರು ಕುಳಿತಳು. ಅವಳೂ ಬೀಡಿ ಕಟ್ಟುವವಳೇ. ಬೋಳಾರದಲ್ಲಿ ಅವಳ ದೊಡ್ಡಮ್ಮನಿಗೂ ಹೀಗೇ ಆಗಿತ್ತಂತೆ.

"ಪಾಪ, ಮತ್ತೆ ಏಳಲೇ ಇಲ್ಲ. ನೀವು ಇನ್ನು ಕೂತು ಉಣ್ಣಿ ಕಮಲಕ್ಕ. ಸೊಸೆ ಉಂಟಲ್ಲ."

"ನಿನ್ನ ದೊಡ್ಡಮ್ಮ ಸ್ಟ್ರೋಕ್ ಆಗುವ ಮೊದಲು ಎಷ್ಟು ಸಲ ಎದ್ದಿದ್ದಾಳೆ? ಊಟಕ್ಕೆ ಕರೆದರೆ ಮಾತ್ರ!"

"ಸತ್ತವರ ಬಗ್ಗೆ ಹಾಗೆ ಹೇಳಬಾರದು."

"ಸಾಯದವರ ಬಗ್ಗೆ ನೀನು ಹೇಳಬಹುದಾ?"

ಬೀಡಿ ಕಟ್ಟುವ ಹೆಂಗಸರು ಕೈ ನೋಡುವುದಿಲ್ಲ. ಕಣ್ಣೂ ಬಾಯಿಯೂ ಎದುರಿನವಳ ಮೇಲೆ, ಕೈ ಅದರ ಪಾಡಿಗೆ. ಹಾಗೆಯೇ ಜಗಳ ಬೆಳೆಯಿತು. ವಸಂತಿ ಶಾಲೆಯಿಂದ ಬಂದು ಮೊರ ನೋಡಿ ಕೂಗಿದಳು.

"ಅಯ್ಯೋ ಮಾಮಿ! ಎಲ್ಲದರ ಬಾಯಿ ಮುಚ್ಚಿಬಿಟ್ಟಿದ್ದೀರಲ್ಲ! ಬೆಂಕಿ ಎಲ್ಲಿಂದ ಹೋಗಬೇಕು?"

ನೋಡಿದೆ. ಹೌದು. ಬೀಡಿಯ ಅಗಲದ ತುದಿಯನ್ನು ಒಳಗೆ ಮಡಚಿ ಮುಚ್ಚುವ ಹಾಗೆ ಇಂಜಿನಿನ ಬಾಯಿಗಳನ್ನೂ ಅಚ್ಚುಕಟ್ಟಾಗಿ ಮುಚ್ಚಿದ್ದೆ. ಗಿರಿಜಕ್ಕ ಬಿದ್ದು ಬಿದ್ದು ನಕ್ಕಳು. ಮತ್ತೆ ಅವಳ ನಗು ನಿಂತಿತು.

"ಮುಚ್ಚಿದ್ದು ಯಾವ ಕೈಯಲ್ಲಿ?"

ಎಡಗೈಯಲ್ಲಿ ಕಾಗದ ಹಿಡಿದಿದ್ದೆ. ಮುಚ್ಚುವುದು ಯಾವಾಗಲೂ ಬಲಗೈಯ ಹೆಬ್ಬೆರಳು.

ನಾನು ಹೆಬ್ಬೆರಳನ್ನು ದಿಟ್ಟಿಸಿ, ಅಲ್ಲಾಡು ಎಂದೆ. ಅಲ್ಲಾಡಲಿಲ್ಲ. ನೋಡಿದರೆ ನಾಚುವ ಮದುಮಗಳು! ಗಿರಿಜಕ್ಕನಿಗೆ, "ನಾಳೆಯೂ ಬಾ, ನಿನ್ನ ದೊಡ್ಡಮ್ಮನ ಕಥೆ ಮುಗಿಯಲಿಲ್ಲ" ಎಂದೆ. ಪುಣ್ಯಾತ್ಗಿತ್ತಿ ದಿನಾ ಬಂದಳು. ದಿನಾ ಜಗಳ, ಕೈ ನೋಡದೆ ಕಾಗದ ಸುತ್ತುವುದು. ಹೆಬ್ಬೆರಳಿನ ಹಿಂದೆ ತೋರುಬೆರಳು ಬಂತು, ಆಮೇಲೆ ನಡುಬೆರಳು. ಉಳಿದೆರಡು ಈಗಲೂ ಮಲಗಿವೆ.

ರಾಕೆಟ್ ಪ್ರದರ್ಶನಕ್ಕೆ ಹೋಯಿತು. ನಾಲ್ಕು ಇಂಜಿನುಗಳ ಬಾಯಿ ತೆರೆದಿತ್ತು. ಐದನೆಯದು, ನಡುವಿನದು, ಮುಚ್ಚಿಯೇ ಇರಬೇಕೆಂದು ಹಟ ಹಿಡಿದೆ. "ಕೇಳಿದರೆ ಎಂತ ಹೇಳಲಿ?" ಎಂದಳು ವಸಂತಿ. "ನನ್ನ ಅತ್ತೆಯ ಇಂಜಿನು ಎಂದು ಹೇಳು."

ಡಾಕ್ಟರಿಗೂ ಒಂದು ಕಾಗದದ ಇಂಜಿನಿನ ಬಾಯಿ ಮುಚ್ಚಿ ತೋರಿಸಿದೆ, ಅವರ ಮುಖ ನೋಡುತ್ತಲೇ. ಅವರು ತಿರುಗಿಸಿ ತಿರುಗಿಸಿ ನೋಡಿದರು. "ಎಲ್ಲ ಬರುತ್ತದೆ ಎಂದು ಹೇಳಲಾರೆ ಅಜ್ಜಿ," ಎಂದರು. ಈ ಸಲ ನನಗೇ ಹೇಳಿದರು.

ಎಲ್ಲ ಬೇಡ. ನಿನ್ನೆ ಬಲಗೈಯಲ್ಲಿ ಅನ್ನ ಕಲಸಿದೆ. ಅರ್ಧ ಬಾಯಿಗೆ ಬಂತು, ಅರ್ಧ ಮಡಿಲಿಗೆ ಬಿತ್ತು. ವಸಂತಿ ಚಮಚ ತರಲು ಎದ್ದಳು. ಕೂತುಕೋ ಎಂದೆ. ಬಿದ್ದದ್ದನ್ನು ಹೆಕ್ಕಿದ್ದೂ ಅದೇ ಕೈ.