ಹಿಂದೆ ಹೇಳುವವರ ಪಾಲು

ನಾಲ್ಕು ತಿಂಗಳು ನನ್ನ ಅಂಗಿ ಜೇಬಿನಲ್ಲಿ ಒಂದೇ ಚೀಟಿ ಇತ್ತು. ಮಡಿಕೆ ಬಿದ್ದಲ್ಲೆಲ್ಲ ಹರಿದು, ಬೆವರಿಗೆ ಶಾಯಿ ಹರಡಿ, ಕೊನೆಗೆ ಅದರಲ್ಲಿ ಏನು ಬರೆದಿದೆ ಎಂದು ನನಗೊಬ್ಬನಿಗೇ ಗೊತ್ತಾಗುತ್ತಿತ್ತು. ನಡುವೆ ಒಂದು ಗೆರೆ. ಎಡಕ್ಕೆ ಕಾರ್ಡು, ಬಲಕ್ಕೆ ಬರೀ ಸಾಫ್ಟ್‌ವೇರು. ಊಟಕ್ಕೆ ಕೂತಾಗಲೂ ಅದನ್ನು ತೆಗೆದು ನೋಡುತ್ತಿದ್ದೆ, ಯಾರೋ ಬಂದು ಒಂದು ಕಡೆಯ ಲೆಕ್ಕ ಅಳಿಸಿ ಹೋಗಿರುತ್ತಾರೆ ಅನ್ನುವ ಹಾಗೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ, ನನ್ನದೊಂದು ರೆಕಾರ್ಡಿಂಗ್ ಕೋಣೆ. ಗೋಡೆಗೆ ಹಳೆಯ ಹಾಸಿಗೆ ಬಡಿದು ಅದನ್ನೇ ಸ್ಟುಡಿಯೋ ಎಂದು ಬೋರ್ಡು ಹಾಕಿದ್ದೆ. ಆಟೋದಲ್ಲಿ ಕೂಗಿಸುವ ಪ್ರಚಾರ, ಭಜನೆ ಸಿಡಿ, ಶಾಲಾ ವಾರ್ಷಿಕೋತ್ಸವದ ಕುಣಿತದ ಹಾಡು, ಇಷ್ಟೇ ಕಸುಬು. ಆಗ ಬಿಡದಿ ಕಡೆ ದಿನಕ್ಕೊಂದು ಕಾರ್ಖಾನೆಯ ಕಾಂಪೌಂಡ್ ಏಳುತ್ತಿತ್ತು. ಹೈವೇಯಲ್ಲಿ ಲಾರಿ ಹೋದರೆ ನನ್ನ ಮೈಕಿನ ಸ್ಟ್ಯಾಂಡೂ ನಡುಗುತ್ತಿತ್ತು. ಲಾರಿ ಹೋಗಲಿ ಎಂದು ಕಾಯುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು, ಮಿಕ್ಕರ್ಧ ಕರೆಂಟಿಗೆ ಕಾಯುವುದರಲ್ಲಿ. ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ.

ಅಂಥ ನನ್ನ ಹತ್ತಿರ ಕೂಟಗಲ್ಲಿನಿಂದ ದೊಡ್ಡವ್ವ ಬಂದಳು, ನಮ್ಮವ್ವನ ಅಕ್ಕ. ಸುತ್ತಲಿನ ಹಳ್ಳಿಗಳಲ್ಲಿ ಅವಳು ಸೋಬಾನೆ ಹೇಳದೆ ಹೆಣ್ಣಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಈಗ ಮೊಮ್ಮಗಳ ಮದುವೆ ಗೊತ್ತಾಗಿತ್ತು, ಇವಳಿಗೆ ದಮ್ಮು ಶುರುವಾಗಿತ್ತು. "ಮದ್ವೆ ಹೊತ್ಗೆ ನನ್ನುಸ್ರು ಹೆಂಗಿರ್ತದೋ ಏನೋ. ಇರೋವಾಗ್ಲೇ ಒಸಿ ಹಿಡಿದಿಡಪ್ಪ," ಅಂದಳು. ಹಿಡಿದಿಡುತ್ತೇನೆ ಎಂದು ಮಾತು ಕೊಟ್ಟೆ.

ಮೈಕಿನ ಮುಂದೆ ಕೂತು ಒಂದು ಸಾಲು ಹೇಳಿದಳು, ನಿಂತಳು. ನಾನು ಕೈಸನ್ನೆ ಮಾಡಿದೆ. ಅವಳು ಸುಮ್ಮನೆ ನೆಲ ನೋಡುತ್ತಾ ಕೂತಿದ್ದು, ಆಮೇಲೆ ಎರಡನೇ ಸಾಲು ಹೇಳಿದಳು. ಮತ್ತೆ ನಿಂತಳು.

"ಯಾಕೆ ದೊಡ್ಡವ್ವ ನಿಲ್ಲಿಸ್ತೀಯ?"

"ಹಿಂದೆ ಹೇಳೋರು ಮುಗಿಸ್ಬೇಕಲ್ಲಪ್ಪ. ಅವ್ರು ಮುಗಿಸ್ದೆ ನಾನ್ ಮುಂದುಕ್ಕೆ ಹೆಂಗೋಗ್ಲಿ?"

"ಇಲ್ಲಿ ಯಾರೂ ಇಲ್ವಲ್ಲ."

"ಇಲ್ದಿದ್ರೆ ಏನಾಯ್ತು? ಅವ್ರ ಪಾಲು ಅವ್ರಿಗೆ ಬುಡ್ಬೇಕು."

ಸೋಬಾನೆಯ ಕ್ರಮವೇ ಅದು. ಒಬ್ಬಳು ಹೇಳಬೇಕು, ಮಿಕ್ಕವರು ಅದೇ ಸಾಲನ್ನು ಹಿಂದೆ ಹೇಳಬೇಕು. ಅವಳ ಹಿಂದೆ ಹೇಳುತ್ತಿದ್ದವರು ಮೂವರು: ಅವಳ ಮಗಳು, ಅಂದರೆ ನನ್ನ ಅಕ್ಕ, ಮತ್ತೆ ಪಕ್ಕದ ಮನೆಯ ಇಬ್ಬರು. ಮೂವರೂ ಈಗ ಗಾರ್ಮೆಂಟ್ಸ್ ವ್ಯಾನು ಹತ್ತಿ ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ವಾಪಸ್. ಹೀಗಾಗಿ ಹದಿನಾಲ್ಕು ಸೋಬಾನೆ ಪದ, ಪ್ರತಿ ಸಾಲಿನ ಹಿಂದೆ ಒಂದು ಸಾಲಿನಷ್ಟು ಖಾಲಿ, ನನ್ನ ಕಂಪ್ಯೂಟರಿನಲ್ಲಿ ಕೂತವು.

ಆ ಖಾಲಿ ನನ್ನ ತಲೆ ಕೆಡಿಸಿತು. ರೆಕಾರ್ಡಿಂಗ್ ಪ್ರೋಗ್ರಾಮಿನೊಳಗೆ ಸೇರಿಸಿಕೊಂಡು ಒಂದೇ ದನಿಯನ್ನು ನಾಲ್ಕು ಮಾಡುವ ಪ್ಲಗ್‌ಇನ್ ಇದೆ ಎಂದು ಕೇಳಿದ್ದೆ. ಒಂದಿಷ್ಟು ಏರಿಸಿ, ಒಂದಿಷ್ಟು ಇಳಿಸಿ, ಚೂರು ತಡಮಾಡಿ ಹೇಳಿಸಿದರೆ ನಾಲ್ಕು ಹೆಂಗಸರು ಕೂಡಿ ಹೇಳಿದ ಹಾಗೇ ಕೇಳುತ್ತದಂತೆ. ಅದು ಎರಡು ಥರ ಸಿಗುತ್ತಿತ್ತು. ಒಂದು, ಕಂಪ್ಯೂಟರಿನ ಒಳಗೆ ಸಿಕ್ಕಿಸುವ ಕಾರ್ಡಿನ ಜೊತೆ ಬರುವುದು. ಕೆಲಸವೆಲ್ಲ ಕಾರ್ಡೇ ಮಾಡುತ್ತದೆ, ಕಂಪ್ಯೂಟರಿಗೆ ಆಯಾಸವಿಲ್ಲ, ಆದರೆ ಕಾರ್ಡಿಲ್ಲದೆ ಅದು ಬಾಯಿ ಬಿಡುವುದಿಲ್ಲ. ಇನ್ನೊಂದು ಬರೀ ಸಾಫ್ಟ್‌ವೇರು. ಬೆಲೆ ಕಾರ್ಡಿನ ಕಾಲುಭಾಗವೂ ಇಲ್ಲ, ಆದರೆ ಎಲ್ಲ ಭಾರವೂ ಕಂಪ್ಯೂಟರಿನ ತಲೆಯ ಮೇಲೆ. ನನ್ನ ಮುದಿ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಎರಡು ದನಿಗೆ ಏದುಸಿರು ಬಿಟ್ಟು ಮೂರನೆಯದಕ್ಕೆ ತೊದಲಿತು. ಹೊಸ ಕಂಪ್ಯೂಟರಿನ ಬೆಲೆ ಸೇರಿಸಿದರೆ ಗೆರೆಯ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತಿತ್ತು.

ಚನ್ನಪಟ್ಟಣದಲ್ಲಿ ನನ್ನ ಗೆಳೆಯನೊಬ್ಬ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಬಸ್ಸು ಹತ್ತಿ ಅವನಲ್ಲಿಗೆ ಹೋದೆ. "ಕಾರ್ಡ್ ತಗೋಬೇಡ ಕಣ್ಲಾ. ನಾಳೆ ಕಂಪ್ಯೂಟ್ರು ಬದಲಾಯ್ಸ್ದೆ ಅನ್ಕೋ, ಅದ್ರಲ್ಲಿ ಈ ಕಾರ್ಡಿಗೆ ಜಾಗನೇ ಇರಾಕಿಲ್ಲ. ಆಗೇನ್ಮಾಡ್ತೀಯ?" ಅಂದ. ಸರಿ ಅನ್ನಿಸಿತು. ಮಾರನೇ ವಾರ ಕನಕಪುರಕ್ಕೆ ಹೋಗಿ, ಕಾರ್ಡು ಇಟ್ಟುಕೊಂಡಿದ್ದ ಸ್ಟುಡಿಯೋದವನ ಮುಂದೆ ಕೂತು ಕೇಳಿದೆ. ಆ ದನಿಯ ನುಣುಪಿಗೆ ಗೆಳೆಯನ ಮಾತು ಮರೆತೇಹೋಯಿತು. ಮಾಗಡಿಯಲ್ಲಿ ಯಾರೋ ಹಳೇ ಕಾರ್ಡು ಮಾರುತ್ತಾರೆ ಎಂದು ಕೇಳಿ ಅಲ್ಲಿಗೂ ಹೋದೆ. ಅದು ಟಿವಿ ನೋಡುವ ಕಾರ್ಡು. ವಾಪಸ್ ಬರುವ ಬಸ್ಸು ಕೆಟ್ಟು, ತೆಂಗಿನ ತೋಟದ ಬದಿಯಲ್ಲಿ ಒಂದೂವರೆ ಗಂಟೆ ನಿಂತಿತ್ತು. ಅಷ್ಟೂ ಹೊತ್ತು ಚೀಟಿ ಬಿಚ್ಚುತ್ತಾ ಮಡಚುತ್ತಾ ಇದ್ದೆ.

ಇದನ್ನೆಲ್ಲ ನೋಡುತ್ತಿದ್ದ ನನ್ನ ಹೆಂಡತಿ ಒಂದು ದಿನ ತಟ್ಟೆ ಇಡುತ್ತಾ ಕೇಳಿದಳು, "ಆ ಮೂರು ಜನಕ್ಕೂ ಭಾನುವಾರ ರಜ ಅಲ್ವೇನ್ರೀ?"

ನನಗೆ ರೇಗಿತು. ನಾಲ್ಕು ಹೆಂಗಸರು ಒಂದೇ ಮೈಕಿನ ಮುಂದೆ ಕೂತರೆ ಒಬ್ಬಳು ಕೆಮ್ಮುತ್ತಾಳೆ, ಒಬ್ಬಳ ಬಳೆ ಸದ್ದು ಮಾಡುತ್ತದೆ, ಎಲ್ಲ ಮೊದಲಿಂದ ಮಾಡಬೇಕು, ನಿನಗೇನು ಗೊತ್ತು ಎಂದೆ. ನಿಜ ಹೇಳಬೇಕೆಂದರೆ, ಅಷ್ಟು ಊರು ಸುತ್ತಿ ಬಂದ ಮೇಲೆ ಭಾನುವಾರದಂಥ ಸುಲಭದ ಉತ್ತರ ನನಗೆ ಬೇಕಿರಲಿಲ್ಲ. ಹಳೆಯ ಎರಡು ಸ್ಪೀಕರ್ ಪೆಟ್ಟಿಗೆ ಮಾರಿ ಕಾರ್ಡನ್ನೇ ತಂದೆ.

ಕೆಲಸ ಚೆನ್ನಾಗಿಯೇ ಬಂತು. ದೊಡ್ಡವ್ವ ಒಂದು ಸಾಲು ಹೇಳುತ್ತಾಳೆ, ಹಿಂದೆಯೇ ನಾಲ್ವರು ಅದನ್ನು ಹೇಳುತ್ತಾರೆ. ಎಲ್ಲೂ ಖಾಲಿಯಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಅಲ್ಲಿಯವರೆಗೆ ಮಾಡಿರಲಿಲ್ಲ.

ಮದುವೆಯ ಹಿಂದಿನ ದಿನ ಬೆಳಗ್ಗೆ ಕೂಟಗಲ್ಲಿನಲ್ಲಿ ಹುಡುಗಿಯನ್ನು ಹಸೆಗೆ ಕೂರಿಸಿದರು. ದೊಡ್ಡವ್ವನಿಗೆ ಮಾತಾಡಲೂ ಉಸಿರಿರಲಿಲ್ಲ, ಗೋಡೆಗೆ ಒರಗಿ ಕೂತಿದ್ದಳು. ಅಕ್ಕ ಮತ್ತು ಆ ಇಬ್ಬರು ರಜ ಹಾಕಿ ಬಂದಿದ್ದರು. ನಾನು ಸಿಡಿ ಹಾಕಿದೆ. ಮೊದಲ ಸಾಲು ಮುಗಿದ ಕೂಡಲೇ ಮೂವರೂ ಎಂದಿನಂತೆ ಬಾಯಿ ತೆರೆದರು. ಅಷ್ಟರಲ್ಲಿ ಸಿಡಿಯ ನಾಲ್ವರು ಹೇಳಿಬಿಟ್ಟರು. ಎರಡನೇ ಸಾಲಿಗೆ ಅಕ್ಕ ಸುಮ್ಮನಾದಳು. ಮೂರನೆಯದಕ್ಕೆ ಮೂವರೂ ಅರಿಶಿನದ ಬಟ್ಟಲು ನೋಡುತ್ತಾ ನಿಂತರು.

ದೊಡ್ಡವ್ವ ಕೈ ಎತ್ತಿ ನನ್ನನ್ನು ಕರೆದಳು. ಬಗ್ಗಿದೆ. "ಮುಂದೆ ಹೇಳೋಳೂ ನಾನೇ, ಹಿಂದೆ ಹೇಳೋಳೂ ನಾನೇ. ನಮ್ಮ ಹೆಣ್ಮಕ್ಳ ಪಾಲು ಎಲ್ಲೋಯ್ತಪ್ಪ?" ಅಂದಳು. ಕೋಪದಿಂದ ಕೇಳಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ನನಗೆ ನಾಚಿಕೆಯಾಯಿತು. ಸಿಡಿ ನಿಲ್ಲಿಸಿದೆ. ಮುಂದೆ ಹೇಳುವವರಿಲ್ಲದೆ ಪದವೂ ನಿಂತಿತು. ಸುಮ್ಮನೇ ಅರಿಶಿನ ಹಚ್ಚಿದರು.

ಆ ಮಳೆಗಾಲ ಕಳೆಯುವುದರೊಳಗೆ ದೊಡ್ಡವ್ವ ತೀರಿಕೊಂಡಳು. ಎರಡು ವರ್ಷದ ಮೇಲೆ ಅಕ್ಕನ ಕಿರಿಮಗಳಿಗೆ ಮದುವೆ ಗೊತ್ತಾಯಿತು. ಒಂದು ಭಾನುವಾರ ಅಕ್ಕ ನನ್ನ ಕೋಣೆಗೆ ಬಂದು, "ಅವ್ವನ್ ದನಿ ಒಂದ್ಸಲ ಕೇಳುಸ್ಲಾ ತಮ್ಮ," ಅಂದಳು. ಅಷ್ಟರಲ್ಲಿ ನಾನು ಕಂಪ್ಯೂಟರ್ ಬದಲಾಯಿಸಿದ್ದೆ. ಚನ್ನಪಟ್ಟಣದವನು ಹೇಳಿದಂತೆಯೇ ಹೊಸದರಲ್ಲಿ ಕಾರ್ಡಿಗೆ ಜಾಗವಿರಲಿಲ್ಲ, ಅದು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಮದುವೆಗೆ ಮಾಡಿದ್ದ ಸಿಡಿ ಗೀರು ಬಿದ್ದು ಕೆಟ್ಟಿತ್ತು, ಹಳೆಯ ಕಂಪ್ಯೂಟರಿನಿಂದ ತೆಗೆದಿಟ್ಟಿದ್ದ ಫೈಲು ತೆರೆದೆ. ಇಂಥ ಪ್ಲಗ್‌ಇನ್ ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ನಾಲ್ಕು ದನಿಗಳೂ ಹೋಗಿದ್ದವು. ಮಿಕ್ಕದ್ದು ದೊಡ್ಡವ್ವ ಒಬ್ಬಳೇ, ಸಾಲಿಗೊಂದು ಖಾಲಿ.

"ಹಿಂದೆ ಹೇಳೋದು ಹೊರಟೋಗಿದೆ ಅಕ್ಕ," ಎಂದೆ, ತಪ್ಪೊಪ್ಪಿಕೊಳ್ಳುವವನ ಹಾಗೆ.

ಅಕ್ಕ ಹೆಡ್‌ಫೋನ್ ತೆಗೆದಿಟ್ಟು ಸ್ಪೀಕರಿಗೆ ಹಾಕಿಸಿದಳು. ಮೊದಲ ಸಾಲು ಮುಗಿಯಿತು. ಖಾಲಿ ಬಂತು. ಅದರೊಳಗೆ, ನಾನು ನಾಲ್ಕು ದನಿಗಳ ಕೆಳಗೆ ಹೂತುಹಾಕಿದ್ದ ಜಾಗದಲ್ಲಿ, ದೊಡ್ಡವ್ವನ ಉಸಿರು ಕೇಳಿಸಿತು. ಆಮೇಲೆ, ತನ್ನಷ್ಟಕ್ಕೆ ಅಂದುಕೊಂಡಂತೆ ಸಣ್ಣಗೆ, "ಹೇಳ್ರವ್ವ." ಅವತ್ತು ರೆಕಾರ್ಡ್ ಮಾಡುವಾಗ ಅದು ನನ್ನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಬಿದ್ದಿದ್ದರೂ ಗದ್ದಲ ಎಂದುಕೊಂಡಿರುತ್ತೇನೆ.

"ನಾನು ಮಿಷನ್ ಮುಂದೆ ಕುಂತಿರೋವಾಗ ನಮ್ಮವ್ವ ಇಲ್ಲಿ ಕಾಯ್ತಿದ್ಲಾ?" ಎಂದಳು ಅಕ್ಕ.

ಮತ್ತೆ ಮೊದಲಿಂದ ಹಾಕಿಸಿದಳು. ಸಾಲು ಮುಗಿಯಿತು, "ಹೇಳ್ರವ್ವ" ಬಂತು, ಅಕ್ಕ ಹೇಳಿದಳು. ಕೈಬಳೆ ಸದ್ದು ಮಾಡಿತು, ಗಂಟಲು ಒಡೆಯಿತು, ಅವಳು ನಿಲ್ಲಿಸಲಿಲ್ಲ. ಅವಳು ಮುಗಿಸುವುದಕ್ಕೂ ದೊಡ್ಡವ್ವ ಎರಡನೆಯದನ್ನು ಎತ್ತುವುದಕ್ಕೂ ಸರಿಹೋಯಿತು. ನಾನು ಮೈಕನ್ನೇ ಆನ್ ಮಾಡಿರಲಿಲ್ಲ. ಗಡಬಡಿಸಿ ಎದ್ದೆ.

ಅಕ್ಕ ಹಾಡುತ್ತಲೇ ನನ್ನ ಕೈ ಹಿಡಿದು ಎಳೆದು ಕೂರಿಸಿದಳು. ಸಾಲು ಮುಗಿಸಿ, "ಸುಮ್ನೆ ಕುಂತ್ಕೊ, ಅವ್ವ ಇನ್ನೂ ಹೇಳ್ತಾವ್ಳೆ," ಅಂದಳು.